ಅವ್ವನ ಎದೆಯೊಳಗಿನ ಗೋಡೆ

ಬಸವೇಶ್ವರನಗರದ ನಮ್ಮ ಕ್ರಾಸಿನಲ್ಲಿ ಹುಟ್ಟಿದ ಅರ್ಧ ಮಕ್ಕಳ ತಲೆ ದುಂಡಗಿರುವುದಕ್ಕೆ ನಮ್ಮ ಅವ್ವ ಕಾರಣ. ಹಾಗೆಂದು ಹೇಳುವವಳೂ ಅವ್ವನೇ. ಯಾರ ಮನೆಯಲ್ಲಿ ಬಾಣಂತನವಿದ್ದರೂ ಬೆಳಗ್ಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹಾಕುತ್ತಿದ್ದಳು. ಇದಕ್ಕೆ ನಮ್ಮಲ್ಲಿ ಎರೆಯುವುದು ಎನ್ನುತ್ತಾರೆ. ಎರೆದು, ನೆತ್ತಿ ತಟ್ಟಿ, ತಲೆಯನ್ನು ಎರಡೂ ಅಂಗೈಯಲ್ಲಿ ನೀವಿ, ಹಣೆಗೆ ವಿಭೂತಿ ಹಚ್ಚಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮಲಗಿಸಿದರೆ ಮಗು ಮಧ್ಯಾಹ್ನದ ತನಕ ಮಿಸುಕುತ್ತಿರಲಿಲ್ಲ. ಆ ಮಕ್ಕಳೆಲ್ಲ ಈಗ ಬೈಕು ಓಡಿಸುತ್ತಾರೆ. ಹೆಲ್ಮೆಟ್ ಹಾಕದೆ ಹೋಗುವವರನ್ನು ಕಂಡರೆ ಅವ್ವನಿಗೆ ಎಲ್ಲಿಲ್ಲದ ಸಿಟ್ಟು, ತಾನು ಅಷ್ಟು ಕಷ್ಟಪಟ್ಟು ತಿದ್ದಿದ ತಲೆ ಎಂದು.

ನಾನು ವಿಜಯನಗರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ದೇಹದ ರೋಗನಿರೋಧಕ ಶಕ್ತಿಯ ಪಾಠ ಬಂದಾಗಲೆಲ್ಲ ಪುಸ್ತಕ ಬರೆದವರ ಮೇಲೆ ರೇಗುತ್ತದೆ. ಎಲ್ಲಿ ನೋಡಿದರೂ ಯುದ್ಧ. ಬಿಳಿ ರಕ್ತಕಣಗಳೆಂದರೆ ಸೈನಿಕರು, ರೋಗಾಣುಗಳೆಂದರೆ ಶತ್ರುಗಳು, ಕೊನೆಗೆ ಯಾರೋ ಗೆದ್ದು ಯಾರೋ ಸೋಲಬೇಕು. ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆಂದು ನಾನೂ ಇಷ್ಟು ವರ್ಷ ಅದನ್ನೇ ಒಪ್ಪಿಸಿದ್ದೇನೆ. ಆದರೆ ಟಿಬಿ ವಿಷಯಕ್ಕೆ ಬಂದರೆ ಆ ಮಾತು ಅರ್ಧಂಬರ್ಧ. ಅಲ್ಲಿ ನಡೆಯುವುದು ಹೆಚ್ಚುಕಡಿಮೆ ಸಂಸಾರ. ಬೇಡದವರೊಂದಿಗೆ ಒಂದೇ ಸೂರಿನಡಿ ವರ್ಷಾನುಗಟ್ಟಲೆ ಬಾಳುವ ಸಂಸಾರ. ಇದು ನನ್ನ ತಲೆಗೆ ಸರಿಯಾಗಿ ಹೊಕ್ಕಿದ್ದು ನಮ್ಮವ್ವನಿಗೆ ಟಿಬಿ ಬಂದಾಗ.

ನನ್ನ ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಗಂಡನ ಮನೆ ಕೆಂಗೇರಿ. ಅವಳು ಬಸುರಿ ಎಂದು ತಿಳಿದ ದಿನ ನಾನು ಡಾಕ್ಟರು, ಸ್ಕ್ಯಾನು, ಊಟ ತಿಂಡಿ ಎಂದು ಲೆಕ್ಕ ಹಾಕುತ್ತಿದ್ದರೆ ಅವ್ವ ಕೇಳಿದ್ದು ಒಂದೇ, ಕೂಸಿಗೆ ಎರೆಯುವವರು ಯಾರು ಎಂದು. ಅವ್ವನಿಗೆ ಆಗಲೇ ಎಪ್ಪತ್ತೈದು ದಾಟಿತ್ತು. ಮಂಡಿ ಸವೆದು, ನೆಲಕ್ಕೆ ಕೂರುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಮಾಡುವ ಶಿವಪೂಜೆಯೂ ಕುರ್ಚಿಯ ಮೇಲೆಯೇ. ಹಾಗಾಗಿ ನಾನು ಸಹಜವಾಗಿ, ಬಾಪೂಜಿನಗರದಿಂದ ಸ್ಕೂಟರಿನಲ್ಲಿ ಬಂದು ಎರೆದು ಹೋಗುವ ಒಬ್ಬರಿದ್ದಾರಂತೆ, ಅವರನ್ನೇ ಗೊತ್ತುಮಾಡೋಣ ಎಂದೆ. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಮಾತಾಡಿದಳು, ಆದರೆ ನನ್ನ ಪಾಲಿನ ಉಪ್ಪಿಟ್ಟಿಗೆ ತುಪ್ಪ ಬೀಳಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಪವಾಡವೇ ನಡೆಯಿತು. ಅವ್ವ ಗೋಡೆ ಹಿಡಿಯದೆ ಓಡಾಡತೊಡಗಿದಳು. ಒಂದು ಸಂಜೆ ಕಾಲೇಜಿನಿಂದ ಬಂದು ನೋಡಿದರೆ ನಡುಮನೆಯಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ ಕೂತಿದ್ದಾಳೆ. ಕಾಲ ಮೇಲೆ ಮಗುವಿನ ಬದಲು ಒಂದು ದಿಂಬು. ಅಭ್ಯಾಸ ತಪ್ಪಬಾರದಲ್ಲ ಎಂದಳು. ಮುಖವೂ ತುಂಬಿಕೊಂಡು ದುಂಡಗಾಯಿತು. ಮೊಮ್ಮಗಳ ಬಸಿರು ಅಜ್ಜಿಯ ಮುಖದಲ್ಲಿ ಕಾಣುತ್ತಿದೆ ಎಂದು ನಮ್ಮೆಜಮಾನರು ತಮಾಷೆ ಮಾಡಿದರು. ಅವ್ವ ನಾಚಿಕೊಂಡಳು. ಕೆನ್ನೆ ಮಾತ್ರ ತುಂಬಿ ತೋಳು ಸಣಕಲಾಗುತ್ತಿದ್ದುದು ಜೀವಶಾಸ್ತ್ರದ ಮೇಡಮ್ಮಿನ ಕಣ್ಣಿಗೂ ಬೀಳಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಮಗಳು ಹೆರಿಗೆಗೆಂದು ಮನೆಗೆ ಬರುವ ಹೊತ್ತಿಗೆ ಅವ್ವನಿಗೆ ಕೆಮ್ಮು ಹತ್ತಿತ್ತು. ಹವಾ ಬದಲಾಗಿದೆ, ಮೇನ್ ರೋಡಿನ ಧೂಳು ಎಂದು ಏನೇನೋ ಕಾರಣ ಕೊಟ್ಟುಕೊಂಡೆವು. ಸಂಜೆಯಾದರೆ ಮೈ ಬೆಚ್ಚಗಾಗುವುದು ಶುರುವಾದಾಗ ಮಗಳೇ ಹಟ ಹಿಡಿದು ನಮ್ಮಿಬ್ಬರನ್ನೂ ಕ್ಲಿನಿಕ್ಕಿಗೆ ಓಡಿಸಿದಳು. ಎಕ್ಸ್‌ರೇ ಆಯಿತು, ಕಫದ ಪರೀಕ್ಷೆ ಆಯಿತು. ಶ್ವಾಸಕೋಶದ ಟಿಬಿ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ಮನೆಯಲ್ಲಿ ಹಿಂದೆ ಯಾರಿಗಾದರೂ ಕ್ಷಯ ಇತ್ತೇ ಎಂದು ಕೇಳಿದಳು. ನಮ್ಮ ವಂಶದಲ್ಲೇ ಇಲ್ಲ ಎಂದು ಅವ್ವ ತಟ್ಟನೆ ಹೇಳಿಬಿಟ್ಟಳು. ಬೇರೆ ಯಾವ ಮಾತ್ರೆ ತಗೊಳ್ತಾರೆ ಎಂದಾಗ ಬಿಪಿಯದ್ದೊಂದು ಬಿಟ್ಟರೆ ಏನಿಲ್ಲ ಎಂದು ನಾನು ಹೇಳಿದೆ. ಅವ್ವ ಫ್ಯಾನು ನೋಡುತ್ತಿದ್ದಳು. ಡಾಕ್ಟರು ಅವಳ ದುಂಡು ಮುಖ ನೋಡಿ, ಮುಂಗೈ ಮೇಲಿನ ನೇರಳೆ ಕಲೆಗಳನ್ನು ಮುಟ್ಟಿ ನೋಡಿ, ಅಜ್ಜಿ, ನಾನು ಬೈಯಲ್ಲ, ಹೇಳಿ ಎಂದಳು. ಅವ್ವ ಚೀಲಕ್ಕೆ ಕೈ ಹಾಕಿ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಬೂದು ಬಣ್ಣದ ಗುಳಿಗೆಗಳು. ವಚನ ಹಾಡಲು ಸೇರುವ ಗೆಳತಿಯೊಬ್ಬರು ಯಾವುದೋ ಊರಿನ ನಾಟಿ ವೈದ್ಯನಿಂದ ತರಿಸಿಕೊಟ್ಟಿದ್ದಂತೆ.

"ಮೊಮ್ಮಗಳ ಕೂಸಿಗೆ ಎರೀಬೇಕಲ್ಲ ಡಾಕ್ಟ್ರೇ, ಮಂಡಿ ಬೇಕಿತ್ತು" ಎಂದಳು ಅವ್ವ.

ಇಂಥ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಉಂಟಂತೆ. ಅವ್ವನ ಮೈ ನೋಡಿದರೆ ಇದರಲ್ಲೂ ಅದೇ ಇರಬೇಕು, ನೋವು ಮಾಯವಾದದ್ದೂ ಮುಖ ಊದಿದ್ದೂ ಅದರಿಂದಲೇ, ಟಿಬಿ ತಲೆಯೆತ್ತಿದ್ದಕ್ಕೂ ಅದೇ ದಾರಿ ಮಾಡಿಕೊಟ್ಟಿರಬೇಕು ಎಂದಳು ಡಾಕ್ಟರು. ಥಟ್ಟನೆ ನಿಲ್ಲಿಸಿದರೆ ಅಪಾಯವೆಂದು ಅದನ್ನು ಹಂತಹಂತವಾಗಿ ಇಳಿಸಲು ಬೇರೆ ಮಾತ್ರೆ ಬರೆದುಕೊಟ್ಟಳು. ಟಿಬಿ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ, ತಿಂಗಳುಗಟ್ಟಲೆ ಒಂದು ದಿನವೂ ತಪ್ಪಬಾರದು. ಕಫದಲ್ಲಿ ರೋಗಾಣು ಇಲ್ಲವೆಂದು ಖಾತ್ರಿಯಾಗುವ ತನಕ ಬೇರೆ ಕೋಣೆ, ಮುಖಕ್ಕೆ ಮಾಸ್ಕು. ಮಗುವಿನ ಹತ್ತಿರ ಸುಳಿಯುವಂತಿಲ್ಲ.

ಅಷ್ಟೂ ಹೊತ್ತು ಗಟ್ಟಿಯಾಗಿದ್ದ ಅವ್ವ ಕೊನೆಯ ಮಾತಿಗೆ ಅತ್ತುಬಿಟ್ಟಳು. ಟಿಬಿ ಎಂದಾಗ ಅಳಲಿಲ್ಲ. ನನಗೆ ಅಲ್ಲೇ ಅವಳನ್ನು ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೂ ಎನಿಸಿತು. ಎರಡೂ ಮಾಡಲಾಗದೆ ಡಬ್ಬಿಯನ್ನು ಕಿತ್ತು ನನ್ನ ಬ್ಯಾಗಿಗೆ ಹಾಕಿಕೊಂಡೆ.

ನಮ್ಮ ಮನೆ ಅಪ್ಪ ಕಟ್ಟಿಸಿದ್ದು. ಮಹಡಿ ಮೇಲೊಂದು ಬಾಡಿಗೆಯ ಪೋರ್ಷನ್ನು, ಹೊರಗಿನಿಂದ ಅದಕ್ಕೆ ಬೇರೆ ಮೆಟ್ಟಿಲು. ಆಗ ಅದು ಖಾಲಿಯಿತ್ತು. ಅವ್ವನನ್ನು ಅಲ್ಲಿಗೆ ಸಾಗಿಸಿದೆವು. ಬಾಣಂತನವನ್ನು ತಾವೇ ಮಾಡುತ್ತೇವೆಂದು ಕೆಂಗೇರಿಯ ಬೀಗರು ಹೇಳಿ ಕಳಿಸಿದರು. ಅವರ ಭಯ ಅವರಿಗೆ, ತಪ್ಪೆನ್ನಲಾಗದು. ಆದರೆ ಮಗಳು ಜಗ್ಗಲಿಲ್ಲ. ಡಾಕ್ಟರು ಅವಳನ್ನೂ ನಮ್ಮನ್ನೂ ಪರೀಕ್ಷೆ ಮಾಡಿಸಿ ಯಾರಿಗೂ ತಗುಲಿಲ್ಲವೆಂದು ನೋಡಿದ ಮೇಲೆ, ಅಜ್ಜಿ ಮಹಡಿಯ ಮೇಲೆಯೇ ಇದ್ದು, ಇಡೀ ದಿನ ಕಿಟಕಿ ತೆರೆದಿಟ್ಟು, ಹೊರಗಿನ ಗಾಳಿಯಲ್ಲಿ ದೂರದಿಂದ ಮಾಸ್ಕು ಹಾಕಿಕೊಂಡು ನೋಡುವುದಾದರೆ ಸರಿ ಎಂದಳು. ಹುಟ್ಟಿದ ಮೇಲೆ ಮಗುವಿಗೂ ಮುಂಜಾಗ್ರತೆಯ ಔಷಧಿ ಬರೆದಳು. ಐದನೇ ತಿಂಗಳಿಗೆ ಮಗು ಕೆಂಗೇರಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಅಷ್ಟರೊಳಗೆ ಅವ್ವ ಗುಣವಾಗಿ ಕೆಳಗಿಳಿದು ಬರಬೇಕು. ಇಲ್ಲದಿದ್ದರೆ ಊರ ಮಕ್ಕಳಿಗೆಲ್ಲ ಎರೆದವಳು ಸ್ವಂತ ಮೊಮ್ಮಗಳ ಕೂಸನ್ನು ಮುಟ್ಟದೆಯೇ ಕಳಿಸಿಕೊಡಬೇಕು. ಈ ವಯಸ್ಸಿನಲ್ಲಿ ಇನ್ನೊಂದು ಬಾಣಂತನಕ್ಕೆ ಕಾಯುವ ಧೈರ್ಯ ಅವಳಿಗಿರಲಿಲ್ಲ.

ಮಗು ಹುಟ್ಟಿತು, ಹೆಣ್ಣು. ಬಾಪೂಜಿನಗರದ ಆ ಹೆಂಗಸು ಮನೆಯಲ್ಲಿ ಟಿಬಿ ಇದೆ ಎಂದು ಕೇಳಿ ಬರುವುದಿಲ್ಲ ಎಂದುಬಿಟ್ಟರು. ಹೀಗಾಗಿ ಎರೆಯುವ ಕೆಲಸ ನನ್ನ ಪಾಲಿಗೆ ಬಿತ್ತು. ನಾನು ಕಪ್ಪೆ ಕೊಯ್ದವಳು, ಜಿರಲೆ ಕೊಯ್ದವಳು. ಎಣ್ಣೆ ಹಚ್ಚಿದ ಮಗು ಕೈಯಿಂದ ಜಾರುವ ಭಯದ ಮುಂದೆ ಅದೆಲ್ಲ ಏನೂ ಅಲ್ಲ. ಬಚ್ಚಲ ಕಿಟಕಿ ಮಹಡಿ ಮೆಟ್ಟಿಲ ಕೆಳಗೇ ಇದೆ. ಅವ್ವ ಮೇಲಿನ ಮೆಟ್ಟಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಅಳು ಕೇಳಿಯೇ ಪಾಠ ಮಾಡುತ್ತಿದ್ದಳು. ಈ ಅಳು ನೀರು ಹೆಚ್ಚು ಬಿಸಿಯಾದದ್ದಕ್ಕೆ, ಈ ಅಳು ನೀನು ಹೆದರಿಕೊಂಡು ಹಿಡಿದಿದ್ದಕ್ಕೆ, ಈ ಅಳು ಸುಮ್ಮನೆ, ಅಳಲಿ ಬಿಡು. ಒಮ್ಮೆ ಸಾಂಬ್ರಾಣಿ ಹೊಗೆ ಹಾಕು ಎಂದು ಕೂಗಿದಳು. ಡಾಕ್ಟರು ಬೇಡ ಎಂದಿದ್ದಾರೆ ಎಂದು ನಾನೂ ಕೂಗಿದೆ. ಅವಳಿಗೆಷ್ಟು ಮಕ್ಕಳು ಎಂದು ಮೇಲಿನಿಂದ ಪ್ರಶ್ನೆ ಬಂತು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.

ಎರೆದಾದ ಮೇಲೆ ಮಗಳು ಮಗುವನ್ನು ಅಂಗಳದ ಎಳೆ ಬಿಸಿಲಿಗೆ ತರುತ್ತಿದ್ದಳು. ಅವ್ವ ಮಾಸ್ಕು ಸರಿಮಾಡಿಕೊಂಡು ಮೆಟ್ಟಿಲಿಳಿದು, ಗೇಟಿನ ಹತ್ತಿರ, ದೂರದಲ್ಲೇ ನಿಲ್ಲುತ್ತಿದ್ದಳು. ಅಲ್ಲಿಂದಲೇ ಕತ್ತು ಆಡಿಸುವುದು, ಹುಬ್ಬು ಕುಣಿಸುವುದು, ಲಾಲಿ ಹೇಳುವುದು. ಆಮೇಲೆ ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸ್ಟೀರಾಯ್ಡ್ ಇಳಿದಂತೆ ಮಂಡಿ ನೋವೂ ವಾಪಸು ಬಂದಿತ್ತು, ಒಂದೊಂದು ಮೆಟ್ಟಿಲಿಗೂ ನಿಂತು ಸುಧಾರಿಸಿಕೊಳ್ಳಬೇಕಿತ್ತು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಎರೆಸಿಕೊಂಡ ಮಕ್ಕಳ ತಾಯಂದಿರಲ್ಲಿ ಇಬ್ಬರು ಮೂವರು ನಮ್ಮ ಗೇಟು ದಾಟುವಾಗ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಅದು ಅವಳಿಗೆ ಕಾಣದೆ ಇರಲಿಲ್ಲ.

ಸಂಜೆ ಕಾಲೇಜಿನಿಂದ ಬಂದವಳು ನಾನು ಮೆಟ್ಟಿಲ ಕೆಳಗೆ ಕೂರುತ್ತಿದ್ದೆ, ಅವ್ವ ಮೇಲೆ. ಮಾತ್ರೆಯಿಂದ ಮೂತ್ರ ಕೆಂಪಗೆ ಹೋಗುತ್ತದೆ ಎಂದು ನಾನು ಮೊದಲೇ ಹೇಳಿರಲಿಲ್ಲ. ಅವ್ವ ಒಂದಿಡೀ ದಿನ ತಾನು ಸಾಯುತ್ತೇನೆಂದುಕೊಂಡು, ಯಾವ ಸೀರೆ ಯಾರಿಗೆ ಎಂದು ಮನಸ್ಸಿನಲ್ಲೇ ಹಂಚಿ ಮುಗಿಸಿದ್ದಳು. ಅದು ಔಷಧಿಯ ಬಣ್ಣ ಎಂದಾಗ, ಹಾಗಿದ್ದರೆ ಒಳಗೆ ಏನು ನಡೀತಾ ಇದೆ ಅಂತ ಪೂರ್ತಿ ಹೇಳು, ಅರ್ಧ ಹೇಳಿ ಕೊಲ್ಲಬೇಡ ಎಂದಳು. ಕ್ಲಾಸಿನ ಹಿಂದಿನ ಬೆಂಚಿನಿಂದ ಈ ಮಾತು ಒಮ್ಮೆಯೂ ಬಂದಿಲ್ಲ. ಹಾಗಾಗಿ ನಾನು ಮೆಟ್ಟಿಲ ಮೇಲೇ ಪಾಠ ಶುರುಮಾಡಿದೆ.

ಉಸಿರಿನ ಜೊತೆ ಒಳಗೆ ಹೋದ ಟಿಬಿ ಬ್ಯಾಕ್ಟೀರಿಯಾವನ್ನು ಶ್ವಾಸಕೋಶದ ಗಾಳಿಚೀಲಗಳಲ್ಲಿ ಮೊದಲು ಎದುರುಗೊಳ್ಳುವುದು ಮ್ಯಾಕ್ರೋಫೇಜ್ ಎಂಬ ದೊಡ್ಡ ಜೀವಕೋಶ. ಗುಡಿಸಿ ಚೊಕ್ಕಟ ಮಾಡುವುದು ಅದರ ಕೆಲಸ. ಧೂಳಿರಲಿ, ಸತ್ತ ಕೋಶವಿರಲಿ, ರೋಗಾಣುವಿರಲಿ, ಸುತ್ತುವರಿದು ನುಂಗಿ ಆಮ್ಲದಲ್ಲಿ ಕರಗಿಸಿಬಿಡುತ್ತದೆ. ಟಿಬಿ ಬ್ಯಾಕ್ಟೀರಿಯಾವನ್ನೂ ನುಂಗುತ್ತದೆ. ಆದರೆ ಈ ಬ್ಯಾಕ್ಟೀರಿಯಾದ ಮೈ ಮೇಲೆ ಮೇಣದಂಥ ದಪ್ಪ ಹೊದಿಕೆ. ಅದು ಸಾಲದೆಂದು, ತನ್ನ ಮೇಲೆ ಆಮ್ಲ ಬೀಳದಂತೆ ಕೋಶದೊಳಗಿನ ಏರ್ಪಾಟನ್ನೇ ತಡೆಹಿಡಿಯುತ್ತದೆ. ತನ್ನನ್ನು ತಿನ್ನಬೇಕಾದವರ ಹೊಟ್ಟೆಯಲ್ಲೇ ಬಿಡಾರ ಹೂಡಿ, ನಿಧಾನವಾಗಿ ಮಕ್ಕಳುಮರಿ ಮಾಡುತ್ತದೆ.

"ಬಾಯಾಗೆ ಬಿಸಿ ತುಪ್ಪ ಅನ್ನು" ಎಂದಳು ಅವ್ವ. "ನುಂಗಂಗಿಲ್ಲ, ಉಗುಳಂಗಿಲ್ಲ."

ಇದನ್ನು ನಾನು ಈಗ ಕ್ಲಾಸಿನಲ್ಲೂ ಹೇಳುತ್ತೇನೆ, ನನ್ನದೇ ಮಾತು ಎಂಬ ಹಾಗೆ.

ಮುಂದಿನ ಸಂಜೆ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಸರದಿ. ಕೆಲವು ಕೋಶಗಳು ಆ ಬ್ಯಾಕ್ಟೀರಿಯಾದ ಚೂರುಗಳನ್ನು ಹೊತ್ತುಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ತೋರಿಸುತ್ತವೆ. ಅಲ್ಲಿ ಲಕ್ಷಾಂತರ ಬಗೆಯ ಟಿ ಕೋಶಗಳಿವೆ. ಅವುಗಳಲ್ಲಿ ಈ ಚೂರಿನ ಗುರುತು ಹಿಡಿಯುವವು ಎಲ್ಲೋ ಕೆಲವು. ಅವು ಎಚ್ಚೆತ್ತು, ಹೆಚ್ಚಿ, ಶ್ವಾಸಕೋಶಕ್ಕೆ ಬಂದು ಮುಟ್ಟುವಷ್ಟರಲ್ಲಿ ವಾರಗಳೇ ಆಗಿರುತ್ತವೆ. ಬಂದವು ರಾಸಾಯನಿಕಗಳ ಮೂಲಕ ಮ್ಯಾಕ್ರೋಫೇಜ್‌ಗಳಿಗೆ ಹುರುಪು ತುಂಬುತ್ತವೆ. ಒಂದಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ. ಉಳಿದವನ್ನು ಏನು ಮಾಡುವುದು? ಕೊಲ್ಲಲಾಗದು, ಓಡಿಸಲಾಗದು. ಆಗ ಈ ಕೋಶಗಳೆಲ್ಲ ಸೇರಿ ಸುತ್ತ ಒತ್ತೊತ್ತಾಗಿ ನಿಂತುಬಿಡುತ್ತವೆ. ಮಧ್ಯೆ ಬ್ಯಾಕ್ಟೀರಿಯಾ, ಸುತ್ತ ಮ್ಯಾಕ್ರೋಫೇಜ್‌ಗಳು, ಅದರ ಹೊರಗೆ ಟಿ ಕೋಶಗಳು. ಸಾಸಿವೆ ಕಾಳಿನಷ್ಟು ಚಿಕ್ಕ ಗಂಟು. ಗ್ರಾನ್ಯುಲೋಮಾ ಎನ್ನುತ್ತಾರೆ. ಗೋಡೆ ಎಂದರೂ ನಡೆಯುತ್ತದೆ.

ಆದರೆ ಜೀವ ಇರುವ ಗೋಡೆ. ಒಂದು ಕೋಶಕ್ಕೆ ವಯಸ್ಸಾಗಿ ಸತ್ತರೆ ಅದರ ಜಾಗಕ್ಕೆ ರಕ್ತದಿಂದ ಇನ್ನೊಂದು ಬರಬೇಕು. ಒಂದಕ್ಕೊಂದು ಸಂದೇಶ ಕೊಟ್ಟುಕೊಳ್ಳುತ್ತಲೇ ಇರಬೇಕು. ನಾವು ಉಂಡೆವೋ, ಮಲಗಿದೆವೋ, ಮದುವೆಗೆ ಹೋದೆವೋ, ಒಳಗೆ ಈ ಕೆಲಸ ನಿಲ್ಲುವುದಿಲ್ಲ. ಹಾಗೆ ನಡೆದರೆ ಬ್ಯಾಕ್ಟೀರಿಯಾ ಬೆಳೆಯದೆ, ಸಾಯದೆ, ಒಂಥರಾ ನಿದ್ದೆಯಲ್ಲಿ ದಶಕಗಳನ್ನೇ ಕಳೆಯಬಹುದು. ಆ ಮನುಷ್ಯನಿಗೆ ಕೆಮ್ಮೂ ಇಲ್ಲ, ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಆದರೆ ಸ್ಟೀರಾಯ್ಡ್ ಸುಮ್ಮನೆ ಮಂಡಿಗೆ ಮಾತ್ರ ಹೋಗುವುದಿಲ್ಲ. ಮಂಡಿಯ ಉರಿಯನ್ನು ಅಡಗಿಸುವ ಹಾಗೆಯೇ ಈ ಕೋಶಗಳ ಮಾತನ್ನೂ ಅಡಗಿಸುತ್ತದೆ. ಸಂದೇಶ ನಿಂತರೆ ಕಾವಲು ಸಡಿಲವಾಗುತ್ತದೆ, ಒಳಗಿನವು ಎದ್ದು ಹೊರಬರುತ್ತವೆ. ಆ ಗೋಡೆಯ ಕೆಲಸವನ್ನು ನಾನು ಅವ್ವನಿಗೆ ವಿವರಿಸುತ್ತಿದ್ದೆ ನಿಜ, ಆದರೆ ನನ್ನ ಕಣ್ಣ ಮುಂದೆ ಇದ್ದುದು ಅವ್ವನೇ. ಮೂವತ್ತು ವರ್ಷ ಈ ಮನೆಯಲ್ಲಿ ನಾನು ಮಲಗಿದ್ದಾಗ ಎದ್ದು, ನಾನು ಉಂಡ ಮೇಲೆ ಉಂಡವಳು. ನನಗೆ ಅಳು ಬಂದ ಹಾಗಾಯಿತು, ಮೇಡಮ್ಮಿನ ಗತ್ತಿನಲ್ಲಿ ತಡೆದುಕೊಂಡೆ.

 ಹಾಗಾದರೆ ಅವು ನನ್ನೊಳಗೆ ಬಂದಿದ್ದು ಯಾವಾಗ ಎಂದು ಅವ್ವ ಕೇಳಿದಳು. ಇಂಥ ದಿನ ಅಂತ ಹೇಳಲಾಗದು, ಚಿಕ್ಕಂದಿನಲ್ಲೇ ಬಂದಿರಬಹುದು, ಕ್ಷಯವಿದ್ದವರ ಜೊತೆ ಒಂದೇ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದರೆ ಬರುತ್ತದೆ ಎಂದೆ. ನಮ್ಮ ವಂಶದಲ್ಲೇ ಇಲ್ಲ ಎಂದವಳು ಆಗ ತನ್ನ ಅಕ್ಕನ ಕತೆ ಹೇಳಿದಳು. ಅವ್ವನಿಗೆ ಒಬ್ಬಳು ಅಕ್ಕ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ.

ತಿಪಟೂರು ಕಡೆಯ ಊರು. ಮದುವೆಯಾಗಿ ಹೋದ ಅಕ್ಕನನ್ನು ಗಂಡನ ಮನೆಯವರು ಕೆಮ್ಮು ಎಂದು ತವರಿಗೆ ತಂದು ಬಿಟ್ಟು ಹೋದರು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಅವಳ ವಾಸ. ತಟ್ಟೆಯನ್ನು ಹೊಸ್ತಿಲಾಚೆ ಇಟ್ಟು ಬರುತ್ತಿದ್ದರು. ಅವ್ವ ಆಗ ಲಂಗ ತೊಡುವ ಹುಡುಗಿ. ಎಲ್ಲರ ಕಣ್ಣು ತಪ್ಪಿಸಿ ಒಳಗೆ ನುಸುಳುತ್ತಿದ್ದಳು, ಅಕ್ಕನ ಕೈಲಿ ಜಡೆ ಹಾಕಿಸಿಕೊಳ್ಳುವುದಕ್ಕೆ. ಅಕ್ಕ ಹಾಕಿದ ಜಡೆ ಮಾರನೇ ದಿನಕ್ಕೂ ಸಡಿಲವಾಗುತ್ತಿರಲಿಲ್ಲವಂತೆ. ಅವಳು ಹೋದ ಮೇಲೆ ಮನೆಯಲ್ಲಿ ಆ ಹೆಸರನ್ನೇ ಎತ್ತಬಾರದೆಂದಾಯಿತು. ಕ್ಷಯದ ಮನೆಯ ಹುಡುಗಿಯೆಂದು ತಿಳಿದರೆ ಉಳಿದವಳಿಗೆ ಗಂಡು ಸಿಗುತ್ತಿರಲಿಲ್ಲ. ನಮ್ಮಪ್ಪನಿಗೂ ಅವ್ವ ಇದನ್ನು ಹೇಳಿರಲಿಲ್ಲ.

"ಅಂದ್ರೆ ಅಕ್ಕನ ಉಸಿರು ಇಷ್ಟು ವರ್ಷ ನನ್ನ ಎದ್ಯಾಗೇ ಇತ್ತಾ?" ಎಂದಳು.

ಉಸಿರಲ್ಲ ಅವ್ವ, ಬ್ಯಾಕ್ಟೀರಿಯಾ ಎಂದು ತಿದ್ದಲು ಬಾಯಿ ತೆರೆದೆ. ಜೀವನದಲ್ಲಿ ಅಪರೂಪಕ್ಕೆ ನನಗೆ ಬುದ್ಧಿ ಬರುತ್ತದೆ, ಆವತ್ತು ಬಂತು. ತಿದ್ದಲಿಲ್ಲ. ಮಾರನೆಯ ಬೆಳಗ್ಗೆ ಅವ್ವ ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದಳು. ಕೆಳಗೆ ಮಗು ಅತ್ತಿತು. ಅವ್ವ ಮಾತ್ರೆ ನುಂಗಿ, ನೀರು ಕುಡಿದು, ಮಾಸ್ಕು ಹುಡುಕಿದಳು.

ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಮತ್ತೆ ಕಫ ಪರೀಕ್ಷೆ. ಅವ್ವನ ಜ್ವರ ಹೋಗಿತ್ತು, ಕೆಮ್ಮು ನಿಂತಿತ್ತು, ಮೈ ಹಿಡಿದಿತ್ತು. ಕೆಳಗೆ ಬರುವುದೇ ಬಾಕಿ ಎಂದು ಸೀರೆಗಳನ್ನೆಲ್ಲ ಮಡಿಚಿ ಚೀಲಕ್ಕೂ ಹಾಕಿದ್ದಳು. ಫಲಿತಾಂಶ ಬಂತು, ಇನ್ನೂ ರೋಗಾಣು ಕಾಣುತ್ತಿವೆ. ಸತ್ತವೂ ಸೂಕ್ಷ್ಮದರ್ಶಕದಲ್ಲಿ ಹಾಗೇ ಕಾಣುತ್ತವೆ, ಬದುಕಿವೆಯೋ ಇಲ್ಲವೋ ತಿಳಿಯಲು ಕಫವನ್ನು ಲ್ಯಾಬಿನಲ್ಲಿಟ್ಟು ಬೆಳೆಯುತ್ತವೆಯೇ ನೋಡಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ ಎಂದಳು ಡಾಕ್ಟರು. ಅವ್ವ ಚೀಲದ ಸೀರೆಗಳನ್ನು ಮತ್ತೆ ತೆಗೆದು ಮಹಡಿಯ ಹಗ್ಗದ ಮೇಲೆ ಹಾಕಿದಳು. ಆಮೇಲಿನ ದಿನಗಳಲ್ಲಿ ನನ್ನ ಮೇಲೆ ವಿಪರೀತ ರೇಗಿದಳು. ಮಗುವಿನ ತಲೆಯ ಒಂದು ಪಕ್ಕ ಚಪ್ಪಟೆಯಾಗುತ್ತಿದೆ, ನಿನ್ನ ಕೈಗೆ ಕೊಟ್ಟರೆ ಇನ್ನೇನಾಗುತ್ತೆ ಎಂದು ಗೇಟಿನ ಹತ್ತಿರ ನಿಂತು ಇಡೀ ಕ್ರಾಸಿಗೆ ಕೇಳುವಂತೆ ಹೇಳಿದಳು. ನನಗೂ ಕೋಪ ಬಂದು, ಮಾಡಿದ್ದುಣ್ಣೋ ಮಹಾರಾಯ, ಗುಳಿಗೆ ನುಂಗಿದ್ದು ನಾನಲ್ಲ ಎಂದುಬಿಟ್ಟೆ. ಇಬ್ಬರೂ ಸಂಜೆಯ ತನಕ ಮುಖ ಊದಿಸಿಕೊಂಡಿದ್ದು, ಸಂಜೆ ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಂಡು ಕುಡಿದೆವು.

ಕೊನೆಗೂ ಲ್ಯಾಬಿನಿಂದ ಬಂತು, ಏನೂ ಬೆಳೆದಿಲ್ಲ. ಹೊಸದಾಗಿ ಕೊಟ್ಟ ಕಫವೂ ಸ್ವಚ್ಛ. ಮಾತ್ರೆ ಪೂರ್ತಿ ಮುಗಿಸಬೇಕು, ಆದರೆ ಮಗುವನ್ನು ಎತ್ತಿಕೊಳ್ಳಬಹುದು, ಮಾಸ್ಕಿನ ಅಗತ್ಯವೂ ಇಲ್ಲ ಎಂದಳು ಡಾಕ್ಟರು. ಮಗು ಕೆಂಗೇರಿಗೆ ಹೊರಡಲು ಇನ್ನೂ ದಿನಗಳಿದ್ದವು. ನಾನು ಮೆಟ್ಟಿಲನ್ನು ಹತ್ತಿದ್ದಲ್ಲ, ಹಾರಿದ್ದು. ಆದರೆ ಅವ್ವ ಮಂಚದಿಂದ ಏಳಲಿಲ್ಲ. ಇನ್ನೊಂದು ವಾರ ಬಿಡು ಕಣೇ ಎಂದಳು. ಇಷ್ಟು ದಿನ ಪ್ರಾಣ ತಿಂದವಳು ಈಗ ಹೀಗೆಂದರೆ ಹೇಗೆ? ನಾನು ರೇಗಿದೆ. ಲ್ಯಾಬಿನವರು ಹೇಳಿದ್ದನ್ನು ಎರಡೆರಡು ಸಲ ಬಿಡಿಸಿ ಹೇಳಿದೆ. ಅವ್ವ ಮತ್ತೆ ಅಕ್ಕನ ಮಾತೆತ್ತಿದಳು.

"ಕಡೆಕಡೆಗೆ ಅಕ್ಕ ನನ್ನ ಹತ್ರಕ್ಕೇ ಬಿಟ್ಕೊಳ್ತಿರ್ಲಿಲ್ಲ ಕಣೇ. ಬಾಗಿಲಿಗೆ ಹೋದ್ರೆ ಚೊಂಬು ತಗೊಂಡು ಎಸೆಯೋಳು. ಒಂದ್ಸಲ ಹಣೆಗೇ ಬಿತ್ತು. ನಾನೇನು ತಪ್ಪು ಮಾಡಿದ್ನೋ, ಅಕ್ಕಂಗೆ ನಾನು ಬೇಡ್ವಾದೆ ಅಂತ ಅವಳು ಸತ್ತ ಮೇಲೂ ಅಳ್ತಿದ್ದೆ. ಈಗ ಗೊತ್ತಾಯ್ತು ನೋಡು."

ನಾನು ಮಂಚದ ಮೇಲೆ ಅವಳಿಗೆ ಅಂಟಿಕೊಂಡು ಕೂತೆ. ತಿಂಗಳುಗಳ ನಂತರ ಅಷ್ಟು ಹತ್ತಿರ ಕೂತಿದ್ದೆ. ಅವ್ವ ಮೊದಲು ಸರಿದಳು. ನಾನೂ ಸರಿದೆ. ಗೋಡೆ ಬಂದ ಮೇಲೆ ಸರಿಯಲು ಜಾಗವಿರಲಿಲ್ಲ, ನನ್ನ ಭುಜಕ್ಕೆ ತಲೆ ಇಟ್ಟಳು.

ಬೆಳಗ್ಗೆ ತಾನಾಗಿಯೇ ಇಳಿದು ಬಂದಳು. ನೀರು ಕಾದಿತ್ತು, ಎಣ್ಣೆ ಬೆಚ್ಚಗಾಗಿತ್ತು. ನಾನೂ ನಮ್ಮೆಜಮಾನರೂ ಎರಡು ಕಡೆ ಹಿಡಿದು ಅವಳನ್ನು ಮಣೆಯ ಮೇಲೆ ಇಳಿಸಿದೆವು. ಮತ್ತೆ ಏಳಿಸುವುದು ಹೇಗೆ ಅಂತ ಆಮೇಲೆ ನೋಡೋಣ ಅತ್ತೆ ಎಂದು ಅವರು ಹೊರಗೆ ಹೋದರು. ಮಗಳು ಮಗುವನ್ನು ತಂದು ಅವ್ವನ ಚಾಚಿದ ಕಾಲ ಮೇಲೆ ಮಲಗಿಸಿದಳು. ಅವ್ವ ಬಾಗಿ ಬಾಯ್ತುಂಬ ನಕ್ಕಳು. ಮಗು ಆ ಮುಖವನ್ನು ದಿಟ್ಟಿಸಿ ನೋಡಿತು, ತುಟಿ ಸೊಟ್ಟ ಮಾಡಿತು, ಕಿಟಾರನೆ ಕಿರುಚಿಕೊಂಡಿತು.

ಎಣ್ಣೆ ಹಚ್ಚಿದರೂ ನಿಲ್ಲಲಿಲ್ಲ, ಲಾಲಿ ಹೇಳಿದರೂ ನಿಲ್ಲಲಿಲ್ಲ. ನೀರು ಸರಿಯಿದೆ, ಹಿಡಿತವೂ ಸರಿಯಿದೆ, ಇದು ಸುಮ್ಮನೆ ಅಳುವ ಅಳುವೂ ಅಲ್ಲ.  ಅಷ್ಟು ಮಕ್ಕಳಿಗೆ ಎರೆದವಳ ಮುಖ ಸೋತುಹೋಯಿತು. ಎತ್ತಿಕೊಂಡುಬಿಡು ಎಂದು ಮಗಳಿಗೆ ಹೇಳಹೊರಟವಳು ನಾನು. ಅಷ್ಟರಲ್ಲಿ ಅವ್ವನಿಗೇ ಏನೋ ಹೊಳೆಯಿತು.

"ಲೇ, ಆ ಮಾಸ್ಕು ತತ್ತಾರೇ" ಎಂದಳು.

ಮಗಳು ಓಡಿ ತಂದು ಅವಳ ಕಿವಿಗೆ ಸಿಕ್ಕಿಸಿದಳು. ಮಗು ಒಂದು ಬಿಕ್ಕು ಬಿಕ್ಕಿ, ಅಳು ನಿಲ್ಲಿಸಿ, ನೋಡಿತು. ಅವ್ವ ಹುಬ್ಬು ಕುಣಿಸಿದಳು. ಗೇಟಿನ ಬಳಿಯ ಅಜ್ಜಿ ಇವಳೇ. ಮಗು ಕೈಕಾಲು ಬಡಿದು ಕೇಕೆ ಹಾಕಿತು. ಅವ್ವ ಎರೆದಳು, ನಿಧಾನವಾಗಿ, ಎಲ್ಲವನ್ನೂ ಕ್ರಮವಾಗಿ, ಚಪ್ಪಟೆಯಾಗಿದೆ ಎಂದು ದೂರಿದ್ದ ತಲೆಯ ಆ ಪಕ್ಕವನ್ನು ಮತ್ತೆ ಮತ್ತೆ ನೀವುತ್ತ. ಮಾಸ್ಕು ಮೂಗಿನ ತನಕ ಒದ್ದೆಯಾಗಿತ್ತು. ಎಲ್ಲವೂ ಬಚ್ಚಲ ನೀರೇ ಆಗಿರಲಿಲ್ಲ.

ಅವತ್ತಿನಿಂದ ದಿನಾ ಮಾಸ್ಕು ಹಾಕಿಕೊಂಡೇ ಎರೆದಳು. ದಿನಾ ಅದನ್ನು ಒಂದು ಚೂರು ಕೆಳಗೆ ಇಳಿಸುತ್ತಿದ್ದಳು. ಮೊದಲು ಮೂಗಿನ ತುದಿ, ಆಮೇಲೆ ಮೂಗುಬೊಟ್ಟು, ಆಮೇಲೆ ಮೇಲ್ದುಟಿ. ಅಷ್ಟಷ್ಟೇ ಗುರುತು ಹಿಡಿಯಲಿ, ಅವಸರವಿಲ್ಲ ಎನ್ನುತ್ತಿದ್ದಳು. ಕೆಂಗೇರಿಗೆ ಹೊರಡುವ ದಿನದ ಎರೆಯುವಿಕೆಗೆ ಅದು ಗಲ್ಲದ ಕೆಳಗಿತ್ತು. ಮಗು ಅವ್ವನ ಪೂರ್ತಿ ಮುಖ ನೋಡಿ ನಕ್ಕಿತು.